ಕೆಲಸ ಹೊರಗೆ ಕೊಡುವ ಮುನ್ನ: ಕಾನೂನು ಸಂಸ್ಥೆಗಳಿಗೆ ಒಂದು ಮಾರ್ಗದರ್ಶಿ

ಕಾನೂನು ಸಂಸ್ಥೆಯೊಂದು ತನ್ನ ಕೆಲಸದ ಒಂದು ಭಾಗವನ್ನು ಹೊರಗುತ್ತಿಗೆಗೆ ಕೊಡಲು ಹೊರಟಾಗ ಮೊದಲು ಚರ್ಚೆಗೆ ಬರುವುದು ದರ. ಅದಕ್ಕೂ ಮುನ್ನ ನೋಡಬೇಕಾದದ್ದು ಕಡತವು ಕಚೇರಿಯೊಳಗೆ ಸಾಗುವ ದಾರಿ. ಒಳಗೇ ಗೋಜಲಾಗಿರುವ ಕೆಲಸವನ್ನು ಹಾಗೆಯೇ ಹೊರಗೆ ಕಳುಹಿಸಿದರೆ, ಅದನ್ನು ಬಿಡಿಸುವ ಖರ್ಚೂ ಬಿಲ್ಲಿನಲ್ಲಿ ಸೇರಿಕೊಂಡು ಬರುತ್ತದೆ.

ಆದ್ದರಿಂದ ಪದೇ ಪದೇ ಬರುವ ಒಂದು ಬಗೆಯ ಕೆಲಸವನ್ನು, ಉದಾಹರಣೆಗೆ ಪೂರೈಕೆ ಕರಾರುಗಳ ಪರಿಶೀಲನೆಯನ್ನು ಆರಿಸಿಕೊಂಡು, ಇತ್ತೀಚೆಗೆ ಮುಗಿದ ಹತ್ತು ಕಡತಗಳನ್ನು ತೆಗೆಯಿರಿ. ಪ್ರತಿಯೊಂದೂ ಯಾರ ಕೈಗೆ ಯಾವಾಗ ಬಂತು, ಅಲ್ಲಿ ಎಷ್ಟು ಹೊತ್ತು ಕೆಲಸ ನಡೆಯಿತು, ಎಷ್ಟು ದಿನ ಸುಮ್ಮನೆ ಬಿದ್ದಿತ್ತು ಎಂಬುದನ್ನು ಬರೆದುಕೊಳ್ಳಿ. ಕಿರಿಯ ವಕೀಲರು 40 ನಿಮಿಷದಲ್ಲಿ ಓದಿ ಮುಗಿಸಿದ ಕರಾರು ಹಿರಿಯರ ಒಪ್ಪಿಗೆಗಾಗಿ 4 ದಿನ ಕಾದಿದ್ದರೆ, ಓದುವ ಕೆಲಸವನ್ನು ಹೊರಗೆ ಕೊಟ್ಟರೂ ಆ 4 ದಿನ ಕರಗುವುದಿಲ್ಲ. ಟೊಯೋಟಾ ಕಾರ್ಖಾನೆಗಳಲ್ಲಿ ರೂಪುಗೊಂಡ ಉತ್ಪಾದನಾ ಪದ್ಧತಿ ಕಾಯುವಿಕೆಯನ್ನು ವ್ಯರ್ಥಗಳ ಸಾಲಿಗೆ ಸೇರಿಸಿದೆ. ತೊಂದರೆಯ ಬೇರು ಸಿಗುವವರೆಗೆ ಐದು ಬಾರಿ ‘ಏಕೆ’ ಎಂದು ಕೇಳುವ ಅದರ ರೂಢಿ ಇಲ್ಲಿಯೂ ಒದಗುತ್ತದೆ. ಒಪ್ಪಿಗೆ ಏಕೆ ತಡವಾಯಿತು? ಹಿರಿಯರು ಪ್ರತಿ ಷರತ್ತನ್ನೂ ಮತ್ತೆ ಓದುತ್ತಾರೆ. ಏಕೆ ಓದುತ್ತಾರೆ? ಯಾವ ಬದಲಾವಣೆಯನ್ನು ಒಪ್ಪಬಹುದು, ಯಾವುದನ್ನು ಒಪ್ಪಬಾರದು ಎಂದು ಎಲ್ಲಿಯೂ ಬರೆದಿಟ್ಟಿಲ್ಲ. ಇಂತಹ ಸಂದರ್ಭದಲ್ಲಿ ಐದನೆಯ ‘ಏಕೆ’ವರೆಗೆ ಹೋಗಬೇಕಾಗಿಯೇ ಇಲ್ಲ. ಪಾವತಿಯ ಅವಧಿ, ನಷ್ಟಪರಿಹಾರದ ಮಿತಿ, ಕರಾರು ರದ್ದತಿಯ ನೋಟಿಸು ಇವುಗಳ ಬಗ್ಗೆ ಒಂದು ಪುಟದ ಸೂಚನಾಪತ್ರ ಬರೆದರೆ ತಡವೂ ತಗ್ಗುತ್ತದೆ, ಹೊರಗಿನವರಿಗೆ ಕೊಡಲು ಬೇಕಾದ ದಾಖಲೆಯೂ ಸಿದ್ಧವಾಗುತ್ತದೆ.

ಸೂಚನಾಪತ್ರಕ್ಕೆ ಇಳಿಸಬಲ್ಲ ಕೆಲಸವನ್ನು ಹೊರಗೆ ಕೊಡಬಹುದು. ಇಳಿಸಲಾಗದ್ದು, ಅಂದರೆ ಕಕ್ಷಿದಾರರಿಗೆ ಹೇಳುವ ಸಲಹೆ, ರಾಜಿಯ ಲೆಕ್ಕಾಚಾರ, ವಾದದ ದಿಕ್ಕು, ಒಳಗೇ ಉಳಿಯಲಿ.

ಕೆಲಸ ಹೊರಗೆ ಹೋದರೂ ಹೊಣೆ ಹೋಗುವುದಿಲ್ಲ. ಅಮೆರಿಕದ ವಕೀಲರ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್ 2008ರಲ್ಲಿ ನೀಡಿದ 08-451ನೇ ಅಭಿಪ್ರಾಯವು ಹೊರಗುತ್ತಿಗೆಗೆ ಅವಕಾಶವಿದೆ ಎಂದರೂ, ಸೇವೆಯ ಅಂತಿಮ ಹೊಣೆಯನ್ನು ವಕೀಲರ ಮೇಲೆಯೇ ಇರಿಸಿತು. ಬೇರೆಡೆಯ ವಕೀಲರು ತಮ್ಮ ವಕೀಲರ ಪರಿಷತ್ತಿನ ನಿಯಮವನ್ನು ನೋಡಿಕೊಳ್ಳಬೇಕಾದರೂ, ಎಚ್ಚರಿಕೆಗಳು ಎಲ್ಲೆಡೆಯೂ ಹೆಚ್ಚುಕಡಿಮೆ ಅವೇ: ಕಕ್ಷಿದಾರರ ಗೋಪ್ಯ ಮಾಹಿತಿ ಹೊರಗೆ ಹೋಗುವುದಾದರೆ ವಿಷಯವನ್ನು ಅವರಿಗೆ ತಿಳಿಸಿ ಒಪ್ಪಿಗೆ ಪಡೆಯುವುದು, ಅದೇ ಪೂರೈಕೆದಾರರು ಎದುರು ಪಕ್ಷಕ್ಕೂ ದುಡಿಯುತ್ತಿಲ್ಲವೆಂದು ಖಚಿತಪಡಿಸಿಕೊಳ್ಳುವುದು, ದಾಖಲೆಗಳನ್ನು ಯಾರು ತೆರೆಯಬಹುದೆಂದು ಲಿಖಿತವಾಗಿ ನಿರ್ಧರಿಸುವುದು. ಒಪ್ಪಿಗೆಯನ್ನು ಕೆಲಸ ಒಪ್ಪಿಕೊಳ್ಳುವಾಗ ಕೊಡುವ ಮೊದಲ ಶುಲ್ಕಪತ್ರದಲ್ಲಿಯೇ ಕೇಳುವುದು ಲೇಸು. ಅರ್ಧ ದಾರಿಯಲ್ಲಿ ಕೇಳಿದರೆ ಅನುಮಾನ ಹುಟ್ಟುತ್ತದೆ.

ಆರಂಭದಲ್ಲಿ ಸಣ್ಣ ಕಂತು ಸಾಕು. ಮೊಕದ್ದಮೆಯಲ್ಲಿ ಎದುರು ಪಕ್ಷಕ್ಕೆ ಕೊಡುವ ಮುನ್ನ ನಡೆಯುವ ದಾಖಲೆ ಪರಿಶೀಲನೆಯಾದರೆ 200 ದಾಖಲೆಗಳನ್ನು ಕಳುಹಿಸಿ, ಅವುಗಳಲ್ಲಿ ವಕೀಲ–ಕಕ್ಷಿದಾರ ಗೋಪ್ಯತೆಗೆ ಒಳಪಡುತ್ತವೆಂದು, ಅಂದರೆ ಎದುರು ಪಕ್ಷಕ್ಕೆ ಕೊಡಬೇಕಿಲ್ಲವೆಂದು, ನೀವು ಮೊದಲೇ ಗುರುತಿಸಿದ ಹತ್ತನ್ನು ಹೇಳದೆಯೇ ಬೆರೆಸಿಡಿ. ಹತ್ತರಲ್ಲಿ ಒಂದು ತಪ್ಪಿದರೂ ಕಂತನ್ನು ದೊಡ್ಡದು ಮಾಡಬೇಡಿ, ಏಕೆಂದರೆ ಅಂಥ ಪತ್ರವೊಂದು ಎದುರು ಪಕ್ಷದ ಕೈ ಸೇರಿದರೆ ಓದಿದ್ದನ್ನು ಅವರ ಮನಸ್ಸಿನಿಂದ ಅಳಿಸಲಾಗದು. ತಪ್ಪಿದ ಪತ್ರವನ್ನು ಪೂರೈಕೆದಾರರ ಮುಂದಿಟ್ಟು, ಸೂಚನಾಪತ್ರದ ಯಾವ ಸಾಲು ಅವರನ್ನು ದಾರಿ ತಪ್ಪಿಸಿತೆಂದು ಕೇಳಿ, ಆ ಸಾಲನ್ನು ತಿದ್ದಿದ ಬಳಿಕವೇ ಮುಂದಿನ ಕಂತನ್ನು ಕಳುಹಿಸಿ.