ಸಿಸ್ಟಿಕ್ ಫೈಬ್ರೋಸಿಸ್: ಅಮೆರಿಕ ಮತ್ತು ಕೆನಡಾ ರೋಗಿಗಳ ಅಂಕಿಅಂಶ ಹೋಲಿಸುವ ಬಗೆ

ಶ್ವಾಸಕೋಶ ಮತ್ತು ಜೀರ್ಣಾಂಗಗಳನ್ನು ಕಾಡುವ ಆನುವಂಶಿಕ ರೋಗವಾದ ಸಿಸ್ಟಿಕ್ ಫೈಬ್ರೋಸಿಸ್‌ಗೆ ಎರಡೂ ದೇಶಗಳಲ್ಲಿ ರಾಷ್ಟ್ರೀಯ ರಿಜಿಸ್ಟ್ರಿಗಳಿವೆ (ರೋಗಿಗಳ ದಾಖಲೆ ಪಟ್ಟಿಗಳು), ವಾರ್ಷಿಕ ವರದಿಗಳೂ ಬರುತ್ತವೆ. ಆದರೆ ಎರಡು ಕೋಷ್ಟಕಗಳನ್ನು ಅಕ್ಕಪಕ್ಕ ಇಟ್ಟ ಮಾತ್ರಕ್ಕೆ ಹೋಲಿಕೆಯಾಗದು. ಎರಡೂ ಕಡೆ ಎಣಿಸಿರುವುದು ಒಂದೇ ಬಗೆಯ ಜನರನ್ನೇ ಎಂಬುದು ಮೊದಲು ಖಚಿತವಾಗಬೇಕು.

ಒಂದೇ ವರ್ಷದ ವರದಿಗಳನ್ನು ತೆಗೆದುಕೊಳ್ಳಿ. ಆ ವರ್ಷ ಚಿಕಿತ್ಸಾ ಕೇಂದ್ರಕ್ಕೆ ಒಮ್ಮೆಯಾದರೂ ಬಂದವರನ್ನಷ್ಟೇ ಎಣಿಸಿ. ಈ ರೋಗದ ಪತ್ತೆಗೆ ಬೆವರನ್ನು ಪರೀಕ್ಷಿಸುತ್ತಾರೆ: ಅದರಲ್ಲಿ ಕ್ಲೋರೈಡ್ ಲೀಟರಿಗೆ 60 ಮಿಲಿಮೋಲ್ ಅಥವಾ ಹೆಚ್ಚಿದ್ದರೆ ರೋಗದ ಕಡೆಗೆ ಬೊಟ್ಟು ಮಾಡುತ್ತದೆ. ನವಜಾತ ತಪಾಸಣೆಯಲ್ಲಿ ಸಿಕ್ಕಿಬಿದ್ದರೂ ರೋಗ ಖಚಿತವಾಗದ ಶಿಶುಗಳನ್ನು ಎರಡೂ ಪಟ್ಟಿಗಳಿಂದ ಹೊರಗಿಡಿ. ಒಂದರಲ್ಲಿ ಉಳಿದರೂ ಆ ದೇಶದ ರೋಗಿಗಳು ಚಿಕ್ಕವರಾಗಿ, ಆರೋಗ್ಯವಂತರಾಗಿ ಕಾಣುತ್ತಾರೆ. ಶ್ವಾಸಕೋಶ ಕಸಿಯಾದವರ ಬಗ್ಗೆಯೂ ಒಂದೇ ನಿಯಮವಿರಲಿ. ಕಸಿಯ ನಂತರ ಅವರು ಬೇರೆ ವೈದ್ಯರ ಕೈಗೆ ಹೋಗುವುದರಿಂದ ರಿಜಿಸ್ಟ್ರಿಯ ಕಣ್ಣಿಗೆ ಬೀಳದೆ ಹೋಗಬಹುದು.

ಒಟ್ಟು ಸಂಖ್ಯೆಯನ್ನು ಜನಸಂಖ್ಯೆಯಿಂದ ಭಾಗಿಸಿ. ಅಮೆರಿಕದಲ್ಲಿ ಸುಮಾರು 33,000, ಕೆನಡಾದಲ್ಲಿ ಸುಮಾರು 4,400 ನೋಂದಾಯಿತರು. ಲಕ್ಷ ಜನಕ್ಕೆ ಕ್ರಮವಾಗಿ 10 ಮತ್ತು 11ರ ಆಸುಪಾಸು.

ಹೆಚ್ಚು ಎಡವುವುದು ರೋಗಪತ್ತೆಯ ವಯಸ್ಸಿನಲ್ಲಿ. ಸರಾಸರಿ ಬೇಡ, ಮಧ್ಯಾಂಕ (ಏರಿಕೆಯ ಕ್ರಮದಲ್ಲಿಟ್ಟಾಗ ನಡುವೆ ಬರುವ ಅಂಕಿ) ಬಳಸಿ. ನಲವತ್ತರಲ್ಲಿ ರೋಗ ಪತ್ತೆಯಾದ ಕೆಲವರೇ ಸರಾಸರಿಯನ್ನು ಮೇಲಕ್ಕೆ ಎಳೆದುಬಿಡುತ್ತಾರೆ. ಅಮೆರಿಕದ ಎಲ್ಲ ರಾಜ್ಯಗಳಲ್ಲೂ 2010ರ ವೇಳೆಗೆ ನವಜಾತ ತಪಾಸಣೆ ಬಂದಿತ್ತು. ಕೆನಡಾದಲ್ಲಿ ಆಲ್ಬರ್ಟಾ 2007ರಲ್ಲಿ, ಒಂಟಾರಿಯೋ 2008ರಲ್ಲಿ ಆರಂಭಿಸಿದರೆ, ಕ್ವಿಬೆಕ್‌ಗೆ ಅದು ಬಂದದ್ದು 2018ರಲ್ಲಿ. ಹಾಗಾಗಿ ಜನ್ಮವರ್ಷದ ಪ್ರಕಾರ ಗುಂಪು ಮಾಡಿ, ಪ್ರತಿ ಗುಂಪಿನೊಳಗೆ ತಪಾಸಣೆಯಿಂದ ಪತ್ತೆಯಾದವರನ್ನೂ ಲಕ್ಷಣಗಳಿಂದ ಪತ್ತೆಯಾದವರನ್ನೂ ಬೇರ್ಪಡಿಸಿ. ತಪಾಸಣೆಯಿಲ್ಲದ ಕಡೆ ಸೌಮ್ಯ ರೋಗವಿರುವ ಮಕ್ಕಳು ಎಣಿಕೆಗೇ ಸಿಗದೆ ಹೋಗಬಹುದು.

ಮಧುಮೇಹದಂತಹ, ವಯಸ್ಸಿನೊಂದಿಗೆ ಏರುವ ತೊಡಕನ್ನು ಹೋಲಿಸುವಾಗ ವಯೋಹೊಂದಾಣಿಕೆ ಮಾಡಲೇಬೇಕು. ಒಂದು ಕಾಲ್ಪನಿಕ ಲೆಕ್ಕ: ಎರಡೂ ದೇಶಗಳಲ್ಲಿ ಮಕ್ಕಳಲ್ಲಿ ಶೇ 5, ವಯಸ್ಕರಲ್ಲಿ ಶೇ 30 ಮಧುಮೇಹವಿದೆ ಎನ್ನಿ. ಮಕ್ಕಳು ಶೇ 60 ಇರುವ ದೇಶದಲ್ಲಿ ಒಟ್ಟು ಶೇ 15 ಬರುತ್ತದೆ, ಶೇ 40 ಇರುವಲ್ಲಿ ಶೇ 20. ಚಿಕಿತ್ಸೆಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ, ಇರುವುದೆಲ್ಲ ವಯಸ್ಸಿನ ಹಂಚಿಕೆಯದು. ಎರಡೂ ದೇಶಗಳ ವಯೋಗುಂಪುವಾರು ದರಗಳನ್ನು ಒಂದೇ ಪ್ರಮಾಣಿತ ವಯೋಹಂಚಿಕೆಗೆ ಗುಣಿಸಿ ಕೂಡಿದರೆ ಈ ಭ್ರಮೆ ಕಳೆಯುತ್ತದೆ. ಮಕ್ಕಳ ತೂಕ, ಎತ್ತರಗಳಿಗೂ ಎರಡೂ ಕಡೆ ಒಂದೇ ಬೆಳವಣಿಗೆ ಚಾರ್ಟ್ ಇರಲಿ.

ಈಗಿನ ರೋಗಿಗಳ ಮಧ್ಯಾಂಕ ವಯಸ್ಸು, ಆ ವರ್ಷ ಸತ್ತವರ ಮಧ್ಯಾಂಕ ವಯಸ್ಸು, ನಿರೀಕ್ಷಿತ ಬದುಕುಳಿಯುವಿಕೆಯ ಮಧ್ಯಾಂಕ (ಅರ್ಧದಷ್ಟು ಜನ ದಾಟುವ ನಿರೀಕ್ಷೆಯಿರುವ ವಯಸ್ಸು) ಇವು ಮೂರೂ ಬೇರೆ ಬೇರೆ. ಒಂದರ ಬದಲು ಇನ್ನೊಂದನ್ನು ಓದಿ ಹೆತ್ತವರು ಸುಮ್ಮನೆ ಎದೆಗುಂದುವುದುಂಟು. ಕೆನಡಾದಲ್ಲಿ ವಾರ್ಷಿಕ ಸಾವುಗಳು ಕಡಿಮೆ, ಅಂಕಿ ಏರಿಳಿಯುತ್ತದೆ. ಐದು ವರ್ಷಗಳನ್ನು ಒಟ್ಟಿಗೆ ತೆಗೆದುಕೊಳ್ಳಿ. 2017ರಲ್ಲಿ ಪ್ರಕಟವಾದ ಅಧ್ಯಯನ ಒಂದೇ ವಿಧಾನ ಬಳಸಿ 2009–2013ರ ಅವಧಿಗೆ ಬದುಕುಳಿಯುವಿಕೆಯ ಮಧ್ಯಾಂಕ ಕೆನಡಾದಲ್ಲಿ 50.9 ವರ್ಷ, ಅಮೆರಿಕದಲ್ಲಿ 40.6 ವರ್ಷ ಎಂದು ಕಂಡುಕೊಂಡಿತು. ಖಾಸಗಿ ವಿಮೆಯಿದ್ದ ಅಮೆರಿಕನ್ನರನ್ನು ಮಾತ್ರ ಕೆನಡಾದವರೊಂದಿಗೆ ಹೋಲಿಸಿದಾಗ ಸಾವಿನ ಅಪಾಯದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ವಿಮೆಯ ಕಾಲಂ ಬಿಟ್ಟಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ಈ ರೋಗದ ಪರಿಣಾಮಕಾರಿ ಔಷಧ ಟ್ರೈಕಾಫ್ಟಾಗೆ ಅಮೆರಿಕದಲ್ಲಿ ಅಕ್ಟೋಬರ್ 2019ರಲ್ಲಿ, ಕೆನಡಾದಲ್ಲಿ ಜೂನ್ 2021ರಲ್ಲಿ ಅನುಮೋದನೆ ಸಿಕ್ಕಿತು. ಈ ನಡುವಿನ ಅವಧಿಯನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿ, ಮೊದಲಿನ ವರ್ಷಗಳೊಂದಿಗೆ ಬೆರೆಸಬೇಡಿ.