ಕಜಾನಿನ ಶಿಕ್ಷಕಿಯೊಂದಿಗೆ ಮುಯ್ಯಾಳು: ಹಾಸನದಲ್ಲಿ ರಷ್ಯನ್, ಇಂಗ್ಲಿಷ್ ಕಲಿಸಿದ ನನ್ನ ಅನುಭವ

ಸಾಲಗಾಮೆ ರಸ್ತೆಯ ಬಾಡಿಗೆ ಕೋಣೆಯೊಂದರಲ್ಲಿ ಹತ್ತು ವರ್ಷದಿಂದ ಇಂಗ್ಲಿಷ್ ಪಾಠ ಹೇಳುತ್ತಿದ್ದೇನೆ. ರಷ್ಯಾಕ್ಕೆ ವೈದ್ಯಕೀಯ ಓದಲು ಹೊರಟ ಮಕ್ಕಳಿಗೆ ರಷ್ಯನ್ನನ್ನೂ ಕಲಿಸತೊಡಗಿದಾಗ ಊರಿನಲ್ಲಿ ಒಪ್ಪಿದವರು ಯಾರೂ ಇರಲಿಲ್ಲ. ಅರಕಲಗೂಡಿನ ತಂದೆಯೊಬ್ಬರು ನೇರವಾಗಿಯೇ ಕೇಳಿದರು: ‘ಮೇಷ್ಟ್ರೇ, ನಮ್ಮ ಹುಡುಗ ಇಂಗ್ಲಿಷಿನಲ್ಲೇ ತಡವರಿಸುತ್ತಾನೆ. ಅಲ್ಲಿ ಪಾಠವೂ ಇಂಗ್ಲಿಷಿನಲ್ಲೇ ಅಂತೆ. ಮತ್ತೆ ಈ ಹೊರೆ ಯಾಕೆ?’ ಪಾಠ ಇಂಗ್ಲಿಷಿನಲ್ಲೇ ಇರಬೇಕು, ನಿಜ. ನಮ್ಮ ದೇಶದ 2021ರ ನಿಯಮದಂತೆ ಕನಿಷ್ಠ 54 ತಿಂಗಳು ಇಂಗ್ಲಿಷ್ ಮಾಧ್ಯಮದಲ್ಲಿ ಓದದಿದ್ದರೆ ಇಲ್ಲಿ ವೃತ್ತಿಗೆ ಅವಕಾಶವಿಲ್ಲ. ಆದರೆ ವಾರ್ಡಿನಲ್ಲಿ ಮಲಗಿದ ಅಜ್ಜಿ ತನ್ನ ನೋವನ್ನು ಹೇಳಿಕೊಳ್ಳುವುದು ರಷ್ಯನ್ನಿನಲ್ಲಿ. ಅದೇ ತಂದೆ ಈ ವರ್ಷ ಎರಡನೆಯ ಮಗಳನ್ನೂ ನನ್ನ ಬಳಿಗೆ ಕಳುಹಿಸಿದ್ದಾರೆ. ಈಗ ಬರೆಯಬಹುದು ಎನಿಸಿತು.

ಮೊದಲು ಕಳೆದುಕೊಂಡ ದುಡ್ಡು. 2021ರಲ್ಲಿ ಒಂದು ಆನ್‌ಲೈನ್ ಕೋರ್ಸಿಗೆ ಹದಿನೆಂಟು ಸಾವಿರದಷ್ಟು ಸುರಿದೆ. ಎಲ್ಲವೂ ಇಂಗ್ಲಿಷಿನ ಮೂಲಕವೇ. ರಷ್ಯನ್ ವಾಕ್ಯದಲ್ಲಿ ‘ಈಸ್’ ಎಲ್ಲಿ ಹೋಯಿತು, ‘ದಿ’ ಯಾಕಿಲ್ಲ ಎಂದು ವಿವರಿಸುವುದರಲ್ಲೇ ಅರ್ಧ ಪಾಠ ಮುಗಿಯುತ್ತಿತ್ತು. ಕನ್ನಡದ ಮಕ್ಕಳಿಗೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ‘ಎತ ದೋಮ್’ ಎಂದರೆ ‘ಇದು ಮನೆ’. ಅಲ್ಲೂ ಎರಡು ಪದ, ಇಲ್ಲೂ ಎರಡು. ‘ಮ್ನ್ಯೆ ಹೋಲದ್ನ’ ಎಂದರೆ ‘ನನಗೆ ಚಳಿ’. ‘ಮ್ನ್ಯೆ ದ್ವಾತ್ಸತ್ ಲ್ಯೆತ್’ ಎಂದರೆ ‘ನನಗೆ ಇಪ್ಪತ್ತು ವರ್ಷ’. ಹೆಸರಿಗೆ ಪ್ರತ್ಯಯ ಹತ್ತಿಸುವುದು ನಮಗೆ ತೊಟ್ಟಿಲಿನಿಂದ ಬಂದದ್ದು; ಅಲ್ಲಿನ ಆರು ವಿಭಕ್ತಿಗೆ ಹೆದರಬೇಕಾದವರು ನಾವಲ್ಲ. ನೀನು, ನೀವು ಎಂಬ ಭೇದವೂ ಅಲ್ಲಿದೆ. ದ್ವಾರಕ್ಕೆ ‘ದ್ವೇರ್’, ಧೂಮಕ್ಕೆ ‘ದಿಮ್’, ವಿಧವೆಗೆ ‘ವ್ದವಾ’, ಅಗ್ನಿಗೆ ‘ಅಗೋನ್’ ಎಂದು ಹಲಗೆಯ ಮೇಲೆ ಬರೆದ ದಿನ ಹಿಂದಿನ ಬೆಂಚಿನವರೂ ಮುಂದಕ್ಕೆ ಬಂದು ಕೂತರು. ನಡುವಿನಿಂದ ಇಂಗ್ಲಿಷನ್ನು ತೆಗೆದು ಕನ್ನಡದಿಂದ ನೇರವಾಗಿ ರಷ್ಯನ್ನಿಗೆ ಹೋದದ್ದೇ ನನ್ನ ಮೊದಲ ಗೆಲುವು. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಎರಡನೆಯ ನಷ್ಟ ಉಚ್ಚಾರಣೆಯದು. ಮೊದಲ ತಂಡದ ಹನ್ನೆರಡು ಮಂದಿಯೂ ರಷ್ಯನ್ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡರು, ನಾನೂ ಬಿಟ್ಟೆ. ಹಾಲಿಗೆ ‘ಮೊಲೊಕೊ’ ಎಂದು ಬರೆದುಕೊಂಡವನು ಕೊನೆಯವರೆಗೂ ಹಾಗೆಯೇ ಹೇಳಿದ. ಅಲ್ಲಿನವರು ಹೇಳುವುದು ‘ಮಲಕೋ’. ಒತ್ತು, ಅಂದರೆ ಇಂಗ್ಲಿಷಿನವರ ‘ಸ್ಟ್ರೆಸ್’, ಬೀಳದ ಒಕಾರ ಸಡಿಲಗೊಂಡು ಅಕಾರದ ಕಡೆಗೆ ಜಾರುತ್ತದೆ. ಒತ್ತು ಜಾಗ ತಪ್ಪಿದರೆ ಅರ್ಥವೇ ತಪ್ಪುತ್ತದೆ: ‘ಜ಼ಾಮಕ್’ ಕೋಟೆ, ‘ಜ಼ಮೋಕ್’ ಬೀಗ. ಇಲ್ಲಿ ಓದುಗರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ತರಗತಿಯಲ್ಲಿ ಈಗ ಇದಕ್ಕೆ ಪೂರ್ತಿ ನಿಷೇಧ. ಮೊದಲ ಹತ್ತು ದಿನ ಬರೀ ಕಿವಿಗೆ ಕೆಲಸ. ಆಯಾ ಭಾಷೆಯವರೇ ಪದ ಉಚ್ಚರಿಸಿರುವ ಫೋರ್ವೋ ಜಾಲತಾಣದಲ್ಲಿ ಒಂದು ಪದಕ್ಕೆ ಮೂರ್ನಾಲ್ಕು ದನಿ ಕೇಳಿಸುತ್ತೇನೆ, ಒತ್ತಿನ ಗುರುತನ್ನು ವಿಕ್ಷನರಿ ಎಂಬ ಆನ್‌ಲೈನ್ ನಿಘಂಟಿನಲ್ಲಿ ನೋಡಿಸುತ್ತೇನೆ, ಆಮೇಲೆ ಪದ ಆಂಕಿ ಎಂಬ, ಮರೆಯದಂತೆ ಮತ್ತೆ ಮತ್ತೆ ಕೇಳುವ ಚೀಟಿಗಳ ಆ್ಯಪ್‌ಗೆ ಹೋಗುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಅದಕ್ಕೆ ದುಡ್ಡು ಕೊಡಬೇಕಿಲ್ಲ. ಮೊದಲ ಮುನ್ನೂರು ಪದಗಳನ್ನು ಯಾವ ಕ್ರಮದಲ್ಲಿ ಜೋಡಿಸಿದ್ದೇನೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಎರಡು ವರ್ಷ ತಿದ್ದಿ ತಿದ್ದಿ ಕಂಡುಕೊಂಡದ್ದು, ನನ್ನ ಅನ್ನ ಅದರಲ್ಲಿದೆ.

ಈ ಕಿವಿಯ ಅಭ್ಯಾಸದಿಂದ ಎಣಿಸದ ಲಾಭವೊಂದು ಇಂಗ್ಲಿಷಿಗೆ ಆಯಿತು. ಇಂಗ್ಲಿಷೂ ಒತ್ತಿಲ್ಲದ ಸ್ವರವನ್ನು ನುಂಗುವ ಭಾಷೆ. ‘ಹೋಟೆಲ್’, ‘ಡೆವಲಪ್’ ಎಂದು ಮೊದಲ ಅಕ್ಷರಕ್ಕೆ ಗುದ್ದುತ್ತಿದ್ದ ಮಕ್ಕಳು, ರಷ್ಯನ್ನಿನಲ್ಲಿ ಒತ್ತು ಹುಡುಕಲು ಕಲಿತ ಮೇಲೆ, ಎರಡರಲ್ಲೂ ಒತ್ತು ಎರಡನೆಯ ಅಕ್ಷರಕ್ಕೆ ಎಂದು ತಾವೇ ಬಂದು ಹೇಳಿದರು. ಹತ್ತು ವರ್ಷ ಬಾಯಿ ನೋಯಿಸಿಕೊಂಡರೂ ನನ್ನಿಂದ ಆಗದ ಕೆಲಸ ಅದು.

ಇನ್ನು ರಷ್ಯಾದ ಕಜಾನ್ ನಗರದ ಮಾತು. ಅಲ್ಲಿನ ಶಾಲಾ ಶಿಕ್ಷಕಿಯೊಬ್ಬರಿಗೆ ಗಂಟೆಗೆ ಎಂಟುನೂರರಂತೆ ಕೊಟ್ಟು ವಾರಕ್ಕೆರಡು ದಿನ ಪಾಠ ಮಾಡಿಸುತ್ತಿದ್ದೆ. 2022ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಕಾರ್ಡ್ ಕಂಪನಿಗಳು ರಷ್ಯಾದ ವ್ಯವಹಾರ ನಿಲ್ಲಿಸಿದವು, ಹಣ ಕಳುಹಿಸುವ ದಾರಿ ಮುಚ್ಚಿತು. ಎರಡು ತಿಂಗಳು ತರಗತಿಯೇ ಇಲ್ಲ. ಮೂವರು ಶುಲ್ಕ ವಾಪಸು ಕೇಳಿದರು, ಕೊಟ್ಟೆ. ಆಗ ನೆನಪಾದದ್ದು ನಮ್ಮ ಕಡೆ ನಾಟಿ ಕಾಲದ ಮುಯ್ಯಾಳು. ನಿಮ್ಮ ಗದ್ದೆಗೆ ನಾವು, ನಮ್ಮ ಗದ್ದೆಗೆ ನೀವು. ಆ ಶಿಕ್ಷಕಿಗೆ ತನ್ನ ಶಾಲೆಯ ಮಕ್ಕಳ ಬಾಯಲ್ಲಿ ಇಂಗ್ಲಿಷ್ ಆಡಿಸಬೇಕಿತ್ತು. ನಮ್ಮಲ್ಲಿ ಸಂಜೆ ಏಳೂವರೆ ಎಂದರೆ ಅಲ್ಲಿ ಐದು. ಅರ್ಧ ಗಂಟೆ ಅವರು ರಷ್ಯನ್ ಹೇಳಿಕೊಡುವುದು, ಅರ್ಧ ಗಂಟೆ ನನ್ನ ಮಕ್ಕಳು ಅವರ ಮಕ್ಕಳಿಗೆ ಇಂಗ್ಲಿಷ್. ಒಂದು ರೂಪಾಯಿಯೂ ಕೈ ಬದಲಾಗಲಿಲ್ಲ.

ರಷ್ಯನ್ನರಿಗೂ ನಮ್ಮಂತೆಯೇ ‘ಎ’, ‘ದಿ’ ಗೊತ್ತಿಲ್ಲ. ಆಲೂರಿನ ಹುಡುಗಿಯೊಬ್ಬಳಿಗೆ ಅಲ್ಲಿನ ಹುಡುಗನೊಬ್ಬ ‘ಐ ಸಾ ಡಾಗ್’ ಎಂದ. ‘ಎ ಡಾಗ್’ ಎಂದು ತಿದ್ದಿದಳು. ಯಾಕೆ ಎಂದು ಕೇಳಿದ. ಕನ್ನಡ ಆಡುವಂತಿಲ್ಲ, ಪುಸ್ತಕವೂ ಕೈಯಲ್ಲಿಲ್ಲ. ಎದ್ದು ಹೋಗಿ ಕ್ಯಾಮೆರಾದ ಮುಂದೆ ಮೂರು ಪೆನ್ನು ಹಿಡಿದು, ಯಾವುದಾದರೂ ಒಂದನ್ನು ಎತ್ತಿ ‘ಎ ಪೆನ್’ ಎಂದಳು. ಅದನ್ನೇ ಮತ್ತೆ ತೋರಿಸಿ ‘ದಿ ಪೆನ್’ ಎಂದಳು. ಅಂದಿನಿಂದ ಅವಳ ಬರವಣಿಗೆಯಲ್ಲಿ ಆ ತಪ್ಪು ಅಪರೂಪ.

ನಡುವೆ ಬೇಲೂರಿನಲ್ಲೊಂದು ಪ್ರಯೋಗ. ಹೊಯ್ಸಳ ದೇಗುಲಗಳು 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದಾಗ, ಗೈಡ್ ಗೆಳೆಯನಿಗೆ ಮದನಿಕೆಯರ ಬಗ್ಗೆ ನಲವತ್ತು ರಷ್ಯನ್ ವಾಕ್ಯ ಬಾಯಿಪಾಠ ಮಾಡಿಸಿದೆ. ರಷ್ಯಾದ ದಂಪತಿ ಬಂದರು, ಆತ ಸೊಗಸಾಗಿ ಹೇಳಿದ. ಅವರು ಸಂತೋಷದಿಂದ ಹತ್ತು ಪ್ರಶ್ನೆ ಕೇಳಿದರು, ಒಂದೂ ಅರ್ಥವಾಗಲಿಲ್ಲ. ಆಮೇಲೆ ಅವನಿಗೂ ಕೇಳುವುದರಿಂದಲೇ ಶುರು ಮಾಡಿಸಿದ್ದೇನೆ.

2025ರ ಆಗಸ್ಟ್‌ನಲ್ಲಿ ರಷ್ಯಾದಲ್ಲಿ ವಾಟ್ಸ್‌ಆ್ಯಪ್, ಟೆಲಿಗ್ರಾಂ ಕರೆಗಳಿಗೆ ನಿರ್ಬಂಧ ಬಂದಾಗ ಮತ್ತೆ ಕುಸಿದೆ. ಕರೆ ಬಿಟ್ಟು ಧ್ವನಿ ಸಂದೇಶಕ್ಕೆ ಇಳಿದೆವು. ಅದೇ ಮೇಲಾಯಿತು. ‘ಉ ಮೆನ್ಯಾ ಬಲೀತ್ ಗಲವಾ’, ಅಂದರೆ ನನಗೆ ತಲೆ ನೋಯುತ್ತಿದೆ, ಎಂಬುದನ್ನು ಕಜಾನಿನ ಶಿಕ್ಷಕಿ ಒಮ್ಮೆ ನರಳುತ್ತಾ, ಒಮ್ಮೆ ಮುದುಕಿಯ ದನಿಯಲ್ಲಿ, ಒಮ್ಮೆ ಗಡಿಬಿಡಿಯಲ್ಲಿ ಹೇಳಿ ಕಳುಹಿಸುತ್ತಾರೆ. ಸಕಲೇಶಪುರದ ತೋಟದ ಮನೆಯ ಹುಡುಗ ಮಳೆಗೆ ಕರೆಂಟು ಹೋದರೂ ಅದನ್ನೇ ಇಪ್ಪತ್ತು ಸಲ ಕೇಳುತ್ತಾನೆ.

ಈಗ ಕೈಯಲ್ಲಿರುವುದು ನಮ್ಮ ‘ಹೋಗು’. ಇಲ್ಲಿ ಕನ್ನಡ ಸಹಾಯಕ್ಕೆ ಬರುವುದಿಲ್ಲ. ನಡೆದು ಹೋಗುತ್ತಿದ್ದರೆ ‘ಯಾ ಇದೂ’, ವಾಹನದಲ್ಲಾದರೆ ‘ಯಾ ಯೇದು’. ದಿನವೂ ಹೋಗಿ ಬರುವುದಕ್ಕೆ ಬೇರೆಯೇ ಕ್ರಿಯಾಪದ. ಪಟ್ಟಿ ಕೊಟ್ಟು ಸೋತೆ. ಹೋಗುತ್ತಿರುವಾಗಲೇ ಹೇಳಿ ಕಳುಹಿಸಿ ಎಂದು ಈಗ ಕೆಲಸ ಕೊಟ್ಟಿದ್ದೇನೆ. ಮೊನ್ನೆ ಅರಕಲಗೂಡಿನ ಆ ಎರಡನೆಯ ಮಗಳು ಅತ್ತೆಯ ಮನೆಗೆ ಹೊರಟ ಬಸ್ಸಿನಿಂದ ಕಳುಹಿಸಿದಳು: ‘ಯಾ ಯೇದು’. ಹಿಂದಿನಿಂದ ನಿರ್ವಾಹಕರು ‘ಬಾಳ್ಳುಪೇಟೆ, ಬಾಳ್ಳುಪೇಟೆ’ ಎಂದು ಕೂಗುತ್ತಿದ್ದರು. ಐದು ನಿಮಿಷ ಬಿಟ್ಟು ಇನ್ನೊಂದು ಬಂತು, ಚಪ್ಪಲಿಯ ಸದ್ದಿನ ಜೊತೆ: ‘ಯಾ ಇದೂ’.