ಬಣ್ಣ ಹಚ್ಚುವ ಮುನ್ನ ನಾಡಿ ಎಣಿಸಿ

ಶಾಲಾ ಕಲೋತ್ಸವ ಬಂತೆಂದರೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳಿಗೆ ಯಕ್ಷಗಾನದ ಗುಂಗು. ಚೆಂಡೆಗೆ ಪೆಟ್ಟು ಬಿದ್ದೊಡನೆ ತೆರೆಯ ಹಿಂದೆ ನಿಂತ ಹುಡುಗನ ಎದೆ ಡವಡವ ಹೊಡೆದುಕೊಳ್ಳುತ್ತದೆ. ಕುಣಿತ ಇನ್ನೂ ಶುರುವಾಗಿಲ್ಲ, ಕಾಲು ಅಲುಗಿಲ್ಲ; ಅವಸರವೆಲ್ಲ ಹೃದಯಕ್ಕೆ. ಹೆದರಬೇಡ ಎಂದು ಬೆನ್ನು ತಟ್ಟುವುದು ಇದ್ದದ್ದೇ. ಅದರ ಜೊತೆಗೆ ಆ ಹೊತ್ತನ್ನು ಒಂದು ಪ್ರಯೋಗಕ್ಕೂ ಬಳಸಿಕೊಳ್ಳಬಹುದು. ಸೆಕೆಂಡಿನ ಮುಳ್ಳಿರುವ ಗಡಿಯಾರ ಮತ್ತು ನೋಟ್ ಪುಸ್ತಕ ಇದ್ದರೆ ಸಾಕು.

ಕೆಲವು ದಿನ ಮೊದಲೇ ಆರಂಭಿಸಿ. ಬೆಳಿಗ್ಗೆ ಚಹಾ, ಕಾಫಿ ಕುಡಿಯುವ ಮೊದಲು ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಅಂಗೈಯನ್ನು ಮೇಲ್ಮುಖವಾಗಿಟ್ಟು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ತೋರುಬೆರಳು ಮತ್ತು ನಡುಬೆರಳನ್ನು ಹಗುರವಾಗಿ ಇಡಿ. ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಡಿ, ಅದರದ್ದೇ ಮಿಡಿತ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಸೋಮಾರಿತನದಲ್ಲಿ ಒಂದು ಮಿಡಿತ ತಪ್ಪಿದರೆ ನಾಲ್ಕು ತಪ್ಪಿದ ಹಾಗೆ. ವಯಸ್ಕರಲ್ಲಿ ಇದು ಸಾಮಾನ್ಯವಾಗಿ 60ರಿಂದ 100ರ ಒಳಗಿರುತ್ತದೆ. ಮಕ್ಕಳಲ್ಲಿ ತುಸು ಹೆಚ್ಚು.

ಈ ಮಿಡಿತ ಹುಟ್ಟುವುದು ಹೃದಯದ ಬಲಬದಿಯ ಮೇಲಿನ ಕೋಣೆಯಾದ ಬಲ ಹೃತ್ಕರ್ಣದಲ್ಲಿ, ಮೇಲಿನ ಮಹಾಸಿರೆ ಬಂದು ಸೇರುವ ಕಡೆ. ಅಲ್ಲಿರುವ ಪುಟ್ಟ ಅಂಗಾಂಶಕ್ಕೆ ಸೈನೋಏಟ್ರಿಯಲ್ ನೋಡ್ ಎಂದು ಹೆಸರು. ಬ್ರಿಟನ್ನಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ 1907ರಲ್ಲಿ ಅದನ್ನು ವಿವರಿಸಿದರು. ಮಿಡಿತದ ಗತಿ ನಿರ್ಧರಿಸುವ ಅಲ್ಲಿನ ಪೇಸ್‌ಮೇಕರ್ ಜೀವಕೋಶಗಳಿಗೆ ಬಿಡುವು ಎಂಬುದೇ ಇಲ್ಲ. ಒಂದು ಮಿಡಿತ ಮುಗಿದಾಗ ಕೋಶದ ವೋಲ್ಟೇಜ್ ಸುಮಾರು ಮೈನಸ್ 60 ಮಿಲಿವೋಲ್ಟ್‌ಗೆ ಇಳಿಯುತ್ತದೆ. ಇಳಿದ ಕೂಡಲೇ ಕೋಶದ ಪೊರೆಯಲ್ಲಿರುವ ಎಚ್‌ಸಿಎನ್4 ಎಂಬ ದ್ವಾರಗಳು ತೆರೆದುಕೊಂಡು ಸೋಡಿಯಂ ಒಳಗೆ ಸೋರುತ್ತದೆ. ಅನೇಕ ದ್ವಾರಗಳು ವೋಲ್ಟೇಜ್ ಏರಿದಾಗ ತೆರೆದರೆ ಇವು ಇಳಿದಾಗ ತೆರೆಯುತ್ತವೆ; ಈ ತಿರುವುಮುರುವಿನ ಕಾರಣಕ್ಕೇ ವಿಜ್ಞಾನಿಗಳು ಇದನ್ನು ‘ಫನ್ನಿ ಕರೆಂಟ್’ ಎಂದು ಕರೆದರು. ವೋಲ್ಟೇಜ್ ಮೆಲ್ಲನೆ ಏರಿ ಮೈನಸ್ 40ರ ಆಸುಪಾಸಿಗೆ ಬಂದಾಗ ಕ್ಯಾಲ್ಸಿಯಂ ದ್ವಾರಗಳು ತೆರೆದು ವಿದ್ಯುತ್ ಸಂಕೇತ ಚಿಮ್ಮುತ್ತದೆ. ಬಳಿಕ ಪೊಟಾಸಿಯಂ ಹೊರಹರಿದು ವೋಲ್ಟೇಜ್ ಇಳಿಯುತ್ತದೆ, ಏರಿಕೆ ಮತ್ತೆ ಮೊದಲಿನಿಂದ.

ನಮ್ಮ ಕಡೆ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರು, ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಕೊಡಪಾನಕ್ಕೆ ಬೀಳುವುದನ್ನು ನೆನಪಿಸಿಕೊಳ್ಳಿ. ಕೊಡಪಾನ ಅದೇ, ತುಂಬಿ ಹೊರಚೆಲ್ಲುವ ಮಟ್ಟವೂ ಅದೇ. ಧಾರೆ ದಪ್ಪವಾದರೆ ಬೇಗ ತುಂಬುತ್ತದೆ, ಅಷ್ಟೇ. ಹೆದರಿದಾಗ ರಕ್ತಕ್ಕೆ ಬರುವ ಅಡ್ರಿನಲಿನ್ ಎಂಬ ಹಾರ್ಮೋನು ಮಾಡುವುದು ಮುಖ್ಯವಾಗಿ ಈ ಧಾರೆಯನ್ನು ದಪ್ಪಗೊಳಿಸುವ ಕೆಲಸವನ್ನು. ಮಿಡಿತವನ್ನು ಅದು ಹುಟ್ಟಿಸುವುದಿಲ್ಲ.

ಈಗ ಬಣ್ಣ ಹಚ್ಚಿ ವೇಷ ಕಟ್ಟುವ ಚೌಕಿಗೆ ಬನ್ನಿ. ಕೈಕಟ್ಟು ಬಿಗಿದ ಮೇಲೆ ನಾಡಿ ಸಿಗುವುದಿಲ್ಲ, ಆದ್ದರಿಂದ ಅದಕ್ಕೆ ತುಸು ಮೊದಲು, ಹುಡುಗ ಕುಳಿತಿರುವಾಗಲೇ ಎಣಿಸಿ. ಎಣಿಸುವ ಕೆಲಸ ಗೆಳೆಯನದಾಗಲಿ; ಪಾತ್ರಧಾರಿ ತಾನೇ ಎಣಿಸಹೊರಟರೆ ಅರ್ಥಗಾರಿಕೆ ಮರೆತೀತು. ಬೆಳಗಿನ ಎಣಿಕೆಯ ಪಕ್ಕದಲ್ಲೇ ಇದನ್ನೂ ಬರೆದುಕೊಳ್ಳಿ. ಮೈಗೆ ಶ್ರಮವಿಲ್ಲದೆ ಸಿಕ್ಕ ಹೆಚ್ಚಳ ಇದು.

ಆಗ ಒಳಗೆ ಆದದ್ದಿಷ್ಟು. ಮೂತ್ರಪಿಂಡದ ಮೇಲೆ ಕುಳಿತ ಅಡ್ರಿನಲ್ ಗ್ರಂಥಿಯ ಒಳಭಾಗದಿಂದ ಅಡ್ರಿನಲಿನ್ ರಕ್ತಕ್ಕೆ ಬಂದು, ಪೇಸ್‌ಮೇಕರ್ ಕೋಶದ ಮೇಲಿನ ಬೀಟಾ-1 ಗ್ರಾಹಕಕ್ಕೆ ಅಂಟಿತು. ಒಳಗಿನ ಕಿಣ್ವವೊಂದು ಕೋಶದ ಶಕ್ತಿಯ ಅಣುವಾದ ಎಟಿಪಿಯಿಂದ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣುವನ್ನು ತಯಾರಿಸಿತು. ಈ ಅಣು ನೇರವಾಗಿ ಎಚ್‌ಸಿಎನ್4 ದ್ವಾರಕ್ಕೇ ಅಂಟಿಕೊಳ್ಳುತ್ತದೆ. ಅಂಟಿದ ಮೇಲೆ ವೋಲ್ಟೇಜ್ ಅಷ್ಟು ಆಳಕ್ಕೆ ಇಳಿಯದಿದ್ದರೂ ದ್ವಾರ ತೆರೆಯುತ್ತದೆ, ಏರಿಕೆ ಕಡಿದಾಗುತ್ತದೆ, ಮುಂದಿನ ಮಿಡಿತ ಬೇಗ ಬರುತ್ತದೆ. ಅದೇ ಸೈಕ್ಲಿಕ್ ಎಎಂಪಿ ಇನ್ನೊಂದು ಕಿಣ್ವದ ಮೂಲಕ ಕ್ಯಾಲ್ಸಿಯಂ ಹರಿವನ್ನೂ ಹೆಚ್ಚಿಸುತ್ತದೆ.

ಎಲ್ಲ ಹೆಚ್ಚಳವನ್ನೂ ಹಾರ್ಮೋನಿನ ತಲೆಗೆ ಕಟ್ಟುವುದು ಮಾತ್ರ ಸರಿಯಲ್ಲ. ಯಾವ ನರದ ಹಿಡಿತವೂ ಇಲ್ಲದಿದ್ದರೆ ಪೇಸ್‌ಮೇಕರ್ ತನ್ನಷ್ಟಕ್ಕೆ ನಿಮಿಷಕ್ಕೆ ಸುಮಾರು 100 ಬಾರಿ ಮಿಡಿಯುತ್ತದೆ. ವಿಶ್ರಾಂತಿಯಲ್ಲಿ ಅದನ್ನು 70ರ ಹತ್ತಿರಕ್ಕೆ ತಗ್ಗಿಸಿ ಇಟ್ಟಿರುವುದು ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರ. ಭಯವಾದಾಗ ಮೊದಲು ಸಡಿಲವಾಗುವುದು ಆ ಹಿಡಿತ. ಮೈಯನ್ನು ತುರ್ತಿಗೆ ಸಜ್ಜುಗೊಳಿಸುವ ಸಿಂಪಥೆಟಿಕ್ ನರಗಳು ಸುರಿಸುವ ನಾರ್‌ಅಡ್ರಿನಲಿನ್ ಕೂಡ ಅದೇ ಬೀಟಾ-1 ಗ್ರಾಹಕವನ್ನು ತಟ್ಟುತ್ತದೆ. ಹಾರ್ಮೋನಿನ ಪಾಲು ಬಿಡಿಯಾಗಿ ಕಾಣುವುದು ಹೃದಯ ಕಸಿ ಮಾಡಿಸಿಕೊಂಡವರಲ್ಲಿ. ಕಸಿ ಮಾಡುವಾಗ ನರಗಳು ಕತ್ತರಿಸಿಹೋಗಿರುತ್ತವೆ. ಅಂಥವರು ನಡೆಯಲು ಶುರು ಮಾಡಿದರೆ ಮಿಡಿತ ಏರಲು ಕೆಲವು ನಿಮಿಷ ಬೇಕಾಗುತ್ತದೆ, ನಿಂತ ಮೇಲೂ ಕೆಲ ಹೊತ್ತು ಇಳಿಯದು. ರಕ್ತದಲ್ಲಿ ತೇಲಿ ಬರುವ ಅಡ್ರಿನಲಿನ್‌ನ ನಡೆ ಅಷ್ಟು ನಿಧಾನ.

ಕುಣಿತ ಮುಗಿಸಿ ಬಂದ ಮೇಲೆ, ಕೈಕಟ್ಟು ಬಿಚ್ಚಿದೊಡನೆ, ಐದಾರು ನಿಮಿಷ ಪ್ರತಿ ನಿಮಿಷವೂ ಎಣಿಸಿ ನೋಡಿ. ಸಾಮಾನ್ಯವಾಗಿ ಮೊದಲು ಸರ್ರನೆ ಇಳಿಯುತ್ತದೆ, ಅದು ವೇಗಸ್ ಮರಳಿ ಬಂದ ಗುರುತು. ಆಮೇಲಿನ ಇಳಿತ ನಿಧಾನ. ಕುಣಿತದ ಶ್ರಮ ಮತ್ತು ಸೆಕೆಯೂ ಬೆರೆತಿರುವುದರಿಂದ ಈ ಅಂಕಿಗಳಿಗಿಂತ ಚೌಕಿಯ ಅಂಕಿಯೇ ಹೆಚ್ಚು ಸ್ಪಷ್ಟ.

ಮನೆಯ ಹಿರಿಯರ ನಾಡಿಯನ್ನೂ ಎಣಿಸುವುದಾದರೆ ಅವರ ಮಾತ್ರೆಗಳ ಹೆಸರು ಕೇಳಿಕೊಳ್ಳಿ. ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಲ್ಲಿ ಗ್ರಾಹಕಕ್ಕೆ ತಡೆ ಇರುವುದರಿಂದ ಏರಿಕೆ ಕಡಿಮೆ. ಪ್ರಯೋಗಕ್ಕೆಂದು ಆ ಮಾತ್ರೆಯನ್ನು ಒಂದು ದಿನವೂ ನಿಲ್ಲಿಸಬಾರದು. ಕುಳಿತಲ್ಲೇ ದಿನದಿನವೂ 100 ದಾಟುತ್ತಿದ್ದರೆ ಅಥವಾ ಮಿಡಿತಗಳ ನಡುವಿನ ಅಂತರ ಏರುಪೇರಾಗಿದ್ದರೆ ವೈದ್ಯರ ಬಳಿ ಹೋಗಿ ಇಸಿಜಿ ಮತ್ತು ಥೈರಾಯ್ಡ್ ಪರೀಕ್ಷೆಯ ಬಗ್ಗೆ ಕೇಳಿ. ಥೈರಾಯ್ಡ್ ಹಾರ್ಮೋನ್ ಹೆಚ್ಚಾದರೂ ಪೇಸ್‌ಮೇಕರ್ ಹೀಗೆಯೇ ಓಡುತ್ತದೆ.